ಒಂದು ಗಿಣ್ಣಿಗೆ ನಾಲ್ಕು ಎಲೆ: ಈ ಕಾಡು ಪೆಪರೋಮಿಯಾ ಯಾವುದು?

ಹಾವಸೆಗೆಳತಿ:

ಎಲ್ಲರಿಗೂ ನಮಸ್ಕಾರ. ಒಂದು ಪುಟ್ಟ ಗಿಡದ ಹಿಂದೆ ಬಿದ್ದು ಮೂರು ವಾರ ಆಯ್ತು. ಹೆಸರು ಮಾತ್ರ ಸಿಗುತ್ತಿಲ್ಲ. ಗೊತ್ತಿದ್ದವರು ದಾರಿ ತೋರಿಸಿ.

ಗಿಡ ಇರುವುದು ನೆರಳು ದಟ್ಟವಾಗಿರುವ ಕಾಡಿನಲ್ಲಿ, ಪಾಚಿ ಹಿಡಿದ ಬಂಡೆಯ ಮೇಲೆ. ಪಕ್ಕದ ಮರದ ಬುಡಕ್ಕೂ ಹಬ್ಬಿದೆ. ಚಾಪೆ ಹಾಸಿದ ಹಾಗೆ ಹರಡಿಕೊಂಡಿದೆ. ಎತ್ತರ ಒಂದು ಗೇಣೂ ಇಲ್ಲ. ಎಲೆಗಳು ನನ್ನ ಕಿರುಬೆರಳಿನ ಉಗುರಿನಷ್ಟು. ದಪ್ಪ, ನುಣುಪು. ಮುಟ್ಟಿದರೆ ಒಳಗೆ ನೀರು ತುಂಬಿದ ಹಾಗೆ ಅನಿಸುತ್ತದೆ. ಒಂದೊಂದು ಗಿಣ್ಣಿಗೆ ನಾಲ್ಕು ಎಲೆ, ಕೆಲವು ಕಡೆ ಮೂರು. ಹೂವು ಕಾಣಿಸಿಲ್ಲ.

ಗುರುತು ಹಚ್ಚುವ ಆ್ಯಪ್‌ಗೆ ಫೋಟೊ ಕೊಟ್ಟೆ. ಮೊದಲ ಸಲ ಒಂದು ಹೆಸರು, ಎರಡನೇ ಸಲ ಇನ್ನೊಂದು. ಮೂರನೇ ಸಲ ಅದು ಪೆಪರೋಮಿಯಾನೇ ಅಲ್ಲ ಅಂತ ಬಂತು. ಎಲೆ, ಕಾಂಡ ಇಷ್ಟನ್ನೇ ನೋಡಿ ಹೆಸರು ಹೇಳಲು ಆಗುತ್ತದಾ?

ಎಲೆಮರೆ:

ಆಗುತ್ತದೆ, ಆದರೆ ಎಲ್ಲ ಸಲ ಅಲ್ಲ. ಈ ಕುಲದಲ್ಲಿ ಸಾವಿರಕ್ಕೂ ಜಾಸ್ತಿ ಪ್ರಭೇದಗಳಿವೆ. ಅದರಲ್ಲಿ ಬಹುಪಾಲು ಅಮೆರಿಕ ಖಂಡಗಳ ಉಷ್ಣವಲಯದವು. ಏಷ್ಯಾ, ಆಫ್ರಿಕಾಗಳಲ್ಲಿ ಕಡಿಮೆ. ಮೆಣಸಿನ ಕುಟುಂಬದಲ್ಲಿ ಪೈಪರ್ (ಕರಿಮೆಣಸಿನ ಕುಲ) ಬಿಟ್ಟರೆ ಇದೇ ದೊಡ್ಡ ಕುಲ. ಹೆಸರಿನ ಅರ್ಥವೂ ಅದೇ, ಗ್ರೀಕ್‌ನಲ್ಲಿ ‘ಮೆಣಸಿನಂಥದ್ದು’ ಎಂದು. 1794ರಲ್ಲಿ ರೂಯಿಸ್ ಮತ್ತು ಪಾವೊನ್ ಈ ಕುಲಕ್ಕೆ ಹೆಸರಿಟ್ಟರು.

ಮೊದಲು ಪೆಪರೋಮಿಯಾ ಹೌದೋ ಅಲ್ಲವೋ ಅನ್ನುವುದು ಇತ್ಯರ್ಥ ಆಗಲಿ. ನೆಲಕ್ಕೆ ಬಿದ್ದ ಒಂದು ಎಲೆ ಸಿಕ್ಕರೆ ಚಿವುಟಿ ನೋಡಿ. ಬಿಳಿ ಹಾಲು ಬಂದರೆ ಅದು ಪೆಪರೋಮಿಯಾ ಅಲ್ಲ. ಮರದ ಮೇಲೆ ಬೆಳೆಯುವ ಹೋಯಾ, ಡಿಸ್ಕಿಡಿಯಾಗಳಲ್ಲಿ ಹಾಲು ಬರುತ್ತದೆ. ಅವುಗಳ ಎಲೆಯೂ ದಪ್ಪ, ಹಾಗಾಗಿ ತುಂಬ ಜನ ಅಲ್ಲೇ ಎಡವುತ್ತಾರೆ. ಪೆಪರೋಮಿಯಾದಲ್ಲಿ ಬರುವುದು ನೀರಿನಂಥ ತಿಳಿ ರಸ.

ಆಮೇಲೆ ಎಲೆತೊಟ್ಟಿನ ಬುಡ ನೋಡಿ. ಅಲ್ಲಿ ಪುಟ್ಟ ಪೊರೆಯಾಗಲಿ, ಪೊರೆ ಉದುರಿದ ಉಂಗುರದ ಗುರುತಾಗಲಿ ಇದೆಯಾ? ಪೈಪರ್ ಆದರೆ ಗಿಣ್ಣು ಉಬ್ಬಿಕೊಂಡಿರುತ್ತದೆ, ಎಷ್ಟೋ ಸಲ ಉಂಗುರದ ಗುರುತೂ ಕಾಣುತ್ತದೆ. ಕಾಂಡವೂ ಬೇಗ ಗಟ್ಟಿಯಾಗಿ ಮರದಂತಾಗುತ್ತದೆ. ಪೆಪರೋಮಿಯಾದಲ್ಲಿ ಆ ಪೊರೆ ಇಲ್ಲ. ಕಾಂಡ ಕೊನೆವರೆಗೂ ರಸಭರಿತ.

ಗಿಣ್ಣುನೋಟ:

ಎಲೆಮರೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಎಲೆಯ ಆಕಾರದಿಂದ ಶುರು ಮಾಡಬೇಡಿ. ಗಿಣ್ಣಿನಿಂದ ಶುರು ಮಾಡಿ.

ನಮ್ಮ ಕಣ್ಣು ಮೊದಲು ಹೋಗುವುದೇ ಎಲೆಗೆ. ದುಂಡಗೋ, ಉದ್ದಕ್ಕೋ, ಹೃದಯದ ಆಕಾರವೋ ಅಂತ ನೋಡುತ್ತೇವೆ. ಆದರೆ ಪೆಪರೋಮಿಯಾದಲ್ಲಿ ಆಕಾರದಷ್ಟು ಮೋಸ ಮಾಡುವುದು ಬೇರೆ ಇಲ್ಲ. ಒಂದೇ ಗಿಡದಲ್ಲಿ ಹರಿದಾಡುವ ಕಾಂಡದ ಎಲೆ ಒಂದು ಥರ, ಹೂ ಬಿಡುವ ಕೊಂಬೆಯ ಎಲೆ ಇನ್ನೊಂದು ಥರ. ಬಿಸಿಲಿಗೆ ಸಿಕ್ಕಿದ ಎಲೆ ಚಿಕ್ಕದು, ದಪ್ಪ. ನೆರಳಿನ ಎಲೆ ಅಗಲ, ತೆಳು.

ಗಿಣ್ಣಿಗೆ ಎಷ್ಟು ಎಲೆ ಅನ್ನುವುದು ಅಷ್ಟು ಬೇಗ ಬದಲಾಗುವುದಿಲ್ಲ. ಒಂದೇ ಎಲೆ ಇದ್ದು ಆ ಕಡೆ ಈ ಕಡೆ ಸರದಿಯಲ್ಲಿ ಬಂದರೆ ಒಂದು ಗುಂಪು. ಎರಡು ಎದುರುಬದುರು ಬಂದರೆ ಇನ್ನೊಂದು. ಮೂರು, ನಾಲ್ಕು, ಐದು ಸುತ್ತಲೂ ಬಂದರೆ ಮತ್ತೊಂದು. ಇಷ್ಟು ಮಾಡಿದರೇ ಪಟ್ಟಿ ಎಷ್ಟೋ ಚಿಕ್ಕದಾಗುತ್ತದೆ. ಆದರೆ ಒಂದು ಗಿಣ್ಣು ನೋಡಿ ತೀರ್ಮಾನ ಬೇಡ. ಕನಿಷ್ಠ ಹತ್ತು ಗಿಣ್ಣು ಎಣಿಸಿ. ಬುಡದ ಹತ್ತಿರ ಒಂದೇ ಎಲೆ, ತುದಿಯಲ್ಲಿ ಮೂರು ಇರುವ ಗಿಡಗಳೂ ಇವೆ. ನಡುಭಾಗದ್ದೇ ನಂಬಲು ಯೋಗ್ಯ.

ಹಾವಸೆಗೆಳತಿ ಅವರೇ, ನಿಮ್ಮದರಲ್ಲಿ ನಾಲ್ಕು ಎಲೆ ಎಷ್ಟು ಕಡೆ, ಮೂರು ಎಷ್ಟು ಕಡೆ?

ತೇವನೆಲ:

ನನಗೆ ಇದು ಪೆಪರೋಮಿಯಾ ಬ್ಲಾಂಡಾ ಅನಿಸುತ್ತದೆ. ಬಂಡೆಯ ಮೇಲೆ, ನೆರಳಿನಲ್ಲಿ, ಗಿಣ್ಣಿಗೆ ಮೂರು ಎಲೆ. ನಾನು ನೋಡಿದ ಬ್ಲಾಂಡಾ ಹೀಗೇ ಇತ್ತು.

ಗಿಣ್ಣುನೋಟ:

ಬ್ಲಾಂಡಾ ಅಂದರೆ ರೋಮ ಬೇಕು. ಅದರ ಕಾಂಡದ ಮೇಲೆ, ಎಲೆಯ ಎರಡೂ ಬದಿಗೆ ಮೋಟು ರೋಮ ಇರುತ್ತದೆ. ಬೆರಳಿಗೆ ಮೆತ್ತಗೆ ತಾಗುತ್ತದೆ. ಕಾಂಡ ಎಷ್ಟೋ ಸಲ ಕೆಂಪು, ಎಲೆಯ ಕೆಳಗೂ ಕೆಂಪು ಛಾಯೆ. ಅದು ನೆಟ್ಟಗೆ ಏಳುವ ಗಿಡ, ಚಾಪೆಯ ಹಾಗೆ ಹರಡುವುದು ಕಡಿಮೆ. ಎಲೆಯೂ ಉಗುರಿಗಿಂತ ದೊಡ್ಡದು. ಇಲ್ಲಿ ‘ನುಣುಪು’ ಅಂತ ಬರೆದಿದ್ದಾರೆ. ಹಾಗಾಗಿ ನನಗೆ ಅನುಮಾನ.

ತೇವನೆಲ:

ನುಣುಪು ಅನ್ನುವುದು ಬರಿಗಣ್ಣಿನ ಮಾತು ಅಲ್ವಾ? ಲೆನ್ಸ್ ಹಿಡಿದರೆ ರೋಮ ಕಾಣಬಹುದು.

ಗಿಣ್ಣುನೋಟ:

ನಿಜ, ಒಪ್ಪಿದೆ. 10 ಪಟ್ಟು ದೊಡ್ಡದು ಮಾಡುವ ಹ್ಯಾಂಡ್ ಲೆನ್ಸ್ ಇಲ್ಲದೆ ಈ ಕುಲದ ಸಹವಾಸ ಕಷ್ಟ. ಎಲೆಯನ್ನು ಬೆಳಕಿಗೆ ಅಡ್ಡ ಹಿಡಿದು ಅಂಚು ನೋಡಬೇಕು. ಮೇಲಿಂದ ನೋಡಿದರೆ ಕಾಣದ ರೋಮ ಅಂಚಿನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಾಂಡವನ್ನೂ ಹಾಗೇ, ಹಿಂದೆ ಕಪ್ಪಗಿರುವ ಏನಾದರೂ ಇಟ್ಟುಕೊಂಡು ನೋಡಿ.

ಹಾವಸೆಗೆಳತಿ:

ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದೆ. ಲೆನ್ಸ್ ಒಯ್ದಿದ್ದೆ. ಮೂವತ್ತು ಗಿಣ್ಣು ಎಣಿಸಿದೆ. ಇಪ್ಪತ್ತೊಂದರಲ್ಲಿ ನಾಲ್ಕು ಎಲೆ, ಎಂಟರಲ್ಲಿ ಮೂರು, ಒಂದರಲ್ಲಿ ಎರಡು. ಆ ಎರಡು ಎಲೆ ಇದ್ದದ್ದು ತೀರಾ ಬುಡದ ಹತ್ತಿರ. ಉದುರಿದ ಎಲೆ ಚಿವುಟಿದೆ, ಹಾಲು ಬರಲಿಲ್ಲ. ಉಜ್ಜಿದಾಗ ಸಣ್ಣಗೆ ಮೆಣಸಿನ ವಾಸನೆ ಬಂತು. ಎಲೆಯ ಮೇಲೆ ರೋಮ ಇಲ್ಲ. ಕಾಂಡದ ಎಳೆ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಇತ್ತು, ಬೆಳೆದ ಭಾಗದಲ್ಲಿ ಇರಲಿಲ್ಲ.

ಎಲೆ 10 ಮಿಲಿಮೀಟರ್ ಉದ್ದ, 7 ಮಿಲಿಮೀಟರ್ ಅಗಲ. ತೊಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ಬೆಳಕಿಗೆ ಹಿಡಿದಾಗ ಬುಡದಿಂದ ಹೊರಟ ಮೂರು ನರ ಕಂಡವು. ಎಲೆಯೊಳಗೆ ಚುಕ್ಕಿ ಚುಕ್ಕಿಯಾಗಿ ಬೆಳಕು ಹಾಯುತ್ತಿತ್ತು. ಎಷ್ಟು ಚೆಂದ ಇತ್ತು ಅಂದರೆ ಸುಮಾರು ಹೊತ್ತು ಅದನ್ನೇ ನೋಡುತ್ತ ಕೂತೆ.

ತೇವನೆಲ:

ಹಾಗಾದರೆ ಬ್ಲಾಂಡಾ ಅಲ್ಲ. ನನ್ನ ಊಹೆ ವಾಪಸ್ ತೆಗೆದುಕೊಳ್ಳುತ್ತೇನೆ.

ಎಲೆಮರೆ:

ಇಷ್ಟು ಒಳ್ಳೆಯ ವಿವರ ಇಲ್ಲಿ ಅಪರೂಪ. ನನ್ನ ಮನಸ್ಸು ಈಗ ಪೆಪರೋಮಿಯಾ ಟೆಟ್ರಾಫಿಲ್ಲಾ ಕಡೆಗೆ ಹೋಗುತ್ತಿದೆ. ಏಷ್ಯಾ, ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾ, ಎಲ್ಲ ಕಡೆಯ ಬೆಚ್ಚನೆಯ ಕಾಡುಗಳಲ್ಲೂ ಇರುವ ಗಿಡ ಇದು. ಬಂಡೆ, ಮರ ಎರಡರ ಮೇಲೂ ಚಾಪೆ ಹಾಸುತ್ತದೆ. ಎಲೆ ಸುಮಾರು ಒಂದು ಸೆಂಟಿಮೀಟರ್, ಮೂರು ನರ, ಬೆಳಕು ಹಾಯುವ ಚುಕ್ಕಿ, ಗಿಡ್ಡ ತೊಟ್ಟು. ಎಲ್ಲ ಹೊಂದುತ್ತದೆ.

ಆದರೆ ಅದಕ್ಕೊಂದು ಜೋಡಿ ಇದೆ, ಪೆಪರೋಮಿಯಾ ಕ್ವಾಡ್ರಿಫೋಲಿಯಾ. ಅದು ಅಮೆರಿಕ ಖಂಡಗಳದ್ದು. ಎರಡು ಹೆಸರಿನ ಅರ್ಥವೂ ಒಂದೇ ಅನ್ನುವುದು ಗಮನಿಸಿ. ಒಂದು ಗ್ರೀಕ್‌ನಲ್ಲಿ ‘ನಾಲ್ಕೆಲೆ’, ಇನ್ನೊಂದು ಲ್ಯಾಟಿನ್‌ನಲ್ಲಿ ‘ನಾಲ್ಕೆಲೆ’. ಹಾಗಾಗಿ ಬರೀ ಎಲೆ ಎಣಿಸಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಎಲೆಯ ತುದಿ ನೋಡಬೇಕು. ಕ್ವಾಡ್ರಿಫೋಲಿಯಾದ ಎಲೆ ಬುಡದಲ್ಲಿ ಕಿರಿದು, ತುದಿಯ ಕಡೆ ಅಗಲ, ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಟೆಟ್ರಾಫಿಲ್ಲಾದ ಎಲೆ ನಡುವೆ ಅಗಲ, ತುದಿ ಮೊಂಡು ಅಥವಾ ದುಂಡು.

ಹಾವಸೆಗೆಳತಿ:

ಕಚ್ಚು ಇಲ್ಲ. ತುದಿ ಮೊಂಡು. ನಡುವೆಯೇ ಅಗಲ.

ಆದರೆ ನನಗೆ ಒಂದು ಗೊಂದಲ. ಟೆಟ್ರಾಫಿಲ್ಲಾದ ವಿವರಣೆ ಹುಡುಕಿ ಓದಿದೆ. ಅದರಲ್ಲಿ ಕಾಂಡಕ್ಕೆ ಏಣು, ಗೀರು ಇರುತ್ತದೆ ಎಂದಿದೆ. ನಾನು ನೋಡಿದ ಕಾಂಡ ದುಂಡಗೆ, ಎಲ್ಲೂ ಏಣು ಕಾಣಲಿಲ್ಲ. ಇನ್ನು ಕೆಲವು ಪೆಪರೋಮಿಯಾಗಳಿಗೆ ‘ಕಾಗದದಂತೆ ತೆಳು ಎಲೆ’ ಎಂದು ಬರೆದಿದ್ದಾರೆ. ಅವುಗಳ ಫೋಟೊದಲ್ಲಿ ಎಲೆ ದಪ್ಪವೇ ಇದೆ. ಯಾವುದನ್ನು ನಂಬುವುದು?

ಒಣಎಲೆ:

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ವರ್ಷಗಳಿಂದ ಗಿಡ ಒತ್ತಿ ಒಣಗಿಸಿ ಇಡುವುದೇ ನನ್ನ ಕೆಲಸ.

ಹಳೆಯ ವಿವರಣೆಗಳಲ್ಲಿ ಹೆಚ್ಚಿನವು ಒಣಗಿದ ಮಾದರಿ ನೋಡಿ ಬರೆದವು. ಬರೆದವರು ಆ ಗಿಡವನ್ನು ಜೀವಂತ ನೋಡಿರಲೇಬೇಕು ಅಂತಿಲ್ಲ. ಪೆಪರೋಮಿಯಾ ಎಲೆಯ ದಪ್ಪ ಅಂದರೆ ಬಹುಪಾಲು ನೀರು. ಒತ್ತಿ ಒಣಗಿಸಿದರೆ ನೀರು ಹೋಗಿ ಎಲೆ ಕಾಗದ ಆಗುತ್ತದೆ. ಕಾಂಡವೂ ಅಷ್ಟೇ. ಹಸಿ ಇದ್ದಾಗ ದುಂಡಗೆ ಉಬ್ಬಿದ್ದು, ಒಣಗಿದಾಗ ಸುಕ್ಕಾಗಿ ಏಣು ಏಳುತ್ತದೆ. ನೀವು ಓದಿದ ಗೀರು ಅದೇ. ಹಾಗಾಗಿ ಓದುವಾಗ ಪ್ರತಿ ಸಲ ಕೇಳಿಕೊಳ್ಳಿ, ಇದು ಹಸಿ ಗಿಡದ ಮಾತೋ, ಒಣ ಗಿಡದ ಮಾತೋ ಎಂದು. ನರದ ಸಂಖ್ಯೆ, ಗಿಣ್ಣಿಗೆ ಎಷ್ಟು ಎಲೆ, ರೋಮ ಇದೆಯೋ ಇಲ್ಲವೋ, ಇವು ಒಣಗಿದ ಮೇಲೂ ಉಳಿಯುತ್ತವೆ. ದಪ್ಪ, ಬಣ್ಣ ಉಳಿಯುವುದಿಲ್ಲ.

ದಪ್ಪದ ಬಗ್ಗೆ ಇನ್ನೊಂದು. ರಸಭರಿತ ಪೆಪರೋಮಿಯಾ ಎಲೆಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ಮೇಲ್ಭಾಗದಲ್ಲಿ ಗಾಜಿನಂಥ ಒಂದು ಪದರ, ಅದರ ಕೆಳಗೆ ಹಸಿರು ಗೆರೆ, ಅದರ ಕೆಳಗೆ ಸ್ಪಂಜಿನಂಥ ಭಾಗ. ಆ ಗಾಜಿನ ಪದರ ನೀರಿನ ಉಗ್ರಾಣ. ಮಳೆ ನಿಂತು ದಿನ ಕಳೆದ ಹಾಗೆ ಆ ನೀರು ಖರ್ಚಾಗಿ ಪದರ ಕುಗ್ಗುತ್ತದೆ, ಹಸಿರು ಭಾಗ ಮಾತ್ರ ಹಾಗೇ ಉಳಿಯುತ್ತದೆ. ಅಂದರೆ ಅದೇ ಎಲೆ ಮಳೆಗಾಲದಲ್ಲಿ ದಪ್ಪ, ಬೇಸಿಗೆಯಲ್ಲಿ ತೆಳು. ‘ದಪ್ಪ ಎಲೆ’ ಅಂತ ಗುರುತು ಬರೆದುಕೊಂಡವರಿಗೆ ಮೋಸ ಆಗುವುದು ಇಲ್ಲೇ.

ಕಾಂಡ ಕೊಯ್ದರೂ ನೋಡುವಂಥದ್ದು ಇದೆ. ನೀರು ಸಾಗಿಸುವ ನಾಳಗಳು ಉಂಗುರದ ಸಾಲಿನಲ್ಲಿ ಇರುವುದಿಲ್ಲ. ಹುಲ್ಲು, ಜೋಳದ ದಂಟಿನಲ್ಲಿ ಇರುವ ಹಾಗೆ ಚೆದುರಿ ಇರುತ್ತವೆ. ಇದು ಕುಲ ಗುರುತಿಸಲು ಒಳ್ಳೆಯ ಆಧಾರ, ಪ್ರಭೇದಕ್ಕಲ್ಲ.

ಮೊದಲಮಳೆ:

ಕಾಂಡದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಶಾಲೆಯಲ್ಲಿ ಕೆಂಪು ಬಣ್ಣದ ನೀರಿನಲ್ಲಿ ಗಿಡ ಇಟ್ಟು ನೀರು ಮೇಲೇರುವುದನ್ನು ತೋರಿಸುತ್ತಿದ್ದರಲ್ಲ, ಆ ಗಿಡ ಪೆಪರೋಮಿಯಾ ಪೆಲ್ಯುಸಿಡಾ. ಕಾಂಡ ಗಾಜಿನ ಹಾಗೆ, ಒಳಗಿನ ಕೆಂಪು ಗೆರೆ ಹೊರಗೇ ಕಾಣುತ್ತದೆ. ನನಗೆ ಈ ಕುಲದ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿಂದ. ಅದನ್ನಾದರೂ ಎಲೆ ನೋಡಿಯೇ ಹೇಳಬಹುದು ಅಲ್ವಾ?

ಎಲೆಮರೆ:

ಪೆಲ್ಯುಸಿಡಾ ಧೈರ್ಯವಾಗಿ ಹೇಳಬಹುದು. ಗಿಣ್ಣಿಗೆ ಒಂದೇ ಎಲೆ. ಹೃದಯದ ಆಕಾರ, ತೆಳು, ಹೊಳಪು, ಬುಡದಿಂದ ಐದಾರು ನರ. ಬೆಳಕು ಹಾಯುವ ಕಾಂಡ, ಮೈಮೇಲೆ ರೋಮ ಇಲ್ಲ. ಒಂದೇ ವರ್ಷ ಬದುಕುವ ಗಿಡ, ಮೊಣಕಾಲಿಗಿಂತ ಕೆಳಗೆ. ಎಲೆ ಜಜ್ಜಿದರೆ ಸಾಸಿವೆಯಂಥ ಘಾಟು. ಗೋಡೆ ಸಂದಿ, ಕುಂಡ, ತೇವದ ಮಣ್ಣು, ಎಲ್ಲಿ ಬೇಕಾದರೂ ಬರುತ್ತದೆ. ಹುಟ್ಟಿದ್ದು ಅಮೆರಿಕ ಖಂಡಗಳಲ್ಲಿ, ಈಗ ಉಷ್ಣವಲಯದ ಎಲ್ಲ ಕಡೆ ಇದೆ.

ಬಳ್ಳಿಬೆಳಕು:

ಇದೇ ಎಳೆಯಲ್ಲಿ ಕೇಳಬಹುದಾ? ಮರದ ಕೊಂಬೆ ಮೇಲೆ ದಾರದಂಥ ಬಳ್ಳಿ, ಅದರಲ್ಲಿ ಗುಂಡಿಯಂತೆ ದುಂಡು ಎಲೆಗಳು. ಪೆಪರೋಮಿಯಾ ರೊಟಂಡಿಫೋಲಿಯಾ ಅಂತ ಒಬ್ಬರು ಹೇಳಿದರು. ಹೌದಾ?

ಗಿಣ್ಣುನೋಟ:

ಖಂಡಿತ ಕೇಳಿ. ಆ ರೂಪಕ್ಕೆ ಮೂರು ಗಿಡಗಳು ಹೊಂದುತ್ತವೆ. ಎಲೆಗಳು ಎದುರುಬದುರು ಇದ್ದು ಚಿವುಟಿದಾಗ ಹಾಲು ಬಂದರೆ ಡಿಸ್ಕಿಡಿಯಾ. ಬಳ್ಳಿಯ ಮೇಲೆ ಕಂದು ಪೊರೆಗಳಿದ್ದು, ದುಂಡು ಎಲೆಗಳ ನಡುವೆ ಉದ್ದನೆಯ ಬೇರೆ ಎಲೆ ಇದ್ದು, ಅದರ ಕೆಳಗೆ ಕಂದು ಪುಡಿ ಇದ್ದರೆ ಅದು ಪಿರ್ರೋಸಿಯಾ ಎಂಬ ಜರೀಗಿಡ. ಗಿಣ್ಣಿಗೆ ಒಂದೇ ಎಲೆ, ಹಾಲಿಲ್ಲ, ಪೊರೆ ಇಲ್ಲ ಅಂದರೆ ರೊಟಂಡಿಫೋಲಿಯಾ ಎಂದು ಯೋಚಿಸಬಹುದು. ಅದರಲ್ಲೂ ಹೂ ಬಿಡುವ ಕೊಂಬೆಯ ಎಲೆ ದುಂಡಗಿರದೆ ಉದ್ದಕ್ಕೆ ಎಳೆದ ಹಾಗೆ ಇರಬಹುದು. ಅದನ್ನು ನೋಡಿ ಬೇರೆ ಗಿಡ ಅಂದುಕೊಳ್ಳಬೇಡಿ.

ಬಳ್ಳಿಬೆಳಕು:

ಉದ್ದ ಎಲೆಯ ಕೆಳಗೆ ಕಂದು ಪುಡಿ ಇದೆ! ಜರೀಗಿಡ. ತುಂಬ ಧನ್ಯವಾದ.

ಮೊದಲಮಳೆ:

ಎಲೆಯ ನಡುವೆ ತೊಟ್ಟು ಅಂಟಿಕೊಂಡಿದ್ದರೆ ಪೆಪರೋಮಿಯಾ ಅಂತ ಹೇಳಬಹುದಾ? ಗುರಾಣಿಯ ಹಿಡಿಯ ಹಾಗೆ ಇರುತ್ತದಲ್ಲ, ಅದು.

ಎಲೆಮರೆ:

ಅಷ್ಟೇ ಸಾಲದು. ಬ್ರೆಜಿಲ್ ಕಡೆಯ ಪೆಪರೋಮಿಯಾ ಅರ್ಗೈರಿಯಾದಲ್ಲಿ ಹಾಗಿದೆ, ಕೆಂಪು ತೊಟ್ಟು, ನರಗಳ ನಡುವೆ ಬೆಳ್ಳಿ ಪಟ್ಟೆ. ಆದರೆ ಚೀನಾದ ಪಿಲಿಯಾ ಪೆಪರೋಮಿಯಾಯ್ಡಿಸ್‌ನಲ್ಲೂ ಹಾಗೇ ಇದೆ. ಅದು ತುರಿಕೆ ಗಿಡದ ಕುಟುಂಬದ್ದು. 1906ರಲ್ಲಿ ಜಾರ್ಜ್ ಫಾರೆಸ್ಟ್ ಅದನ್ನು ಯುನ್ನಾನ್‌ನಲ್ಲಿ ಸಂಗ್ರಹಿಸಿದರು. 1912ರಲ್ಲಿ ಡೀಲ್ಸ್ ಅದಕ್ಕೆ ಪೆಪರೋಮಿಯಾ ಥರದ್ದು ಎಂದೇ ಹೆಸರಿಟ್ಟರು. ಅಷ್ಟು ಹೋಲಿಕೆ. ಗುಟ್ಟು ಇರುವುದು ತೊಟ್ಟಿನ ಬುಡದಲ್ಲಿ. ಪಿಲಿಯಾದಲ್ಲಿ ಕಂದು ಬಣ್ಣದ ಪುಟ್ಟ ಪೊರೆ ಇರುತ್ತದೆ. ಹೂವೂ ಬೇರೆ, ಕವಲೊಡೆದ ಗೊಂಚಲು. ಪೆಪರೋಮಿಯಾದಲ್ಲಿ ಇಲಿಯ ಬಾಲದಂಥ ತೆನೆ.

ಒಣಎಲೆ:

ಕಾಂಡವೇ ಹೆಸರು ಹೇಳುವ ಪ್ರಭೇದಗಳೂ ಇವೆ, ಅವನ್ನು ಮರೆಯಬಾರದು. ಅಲಾಟಾದಲ್ಲಿ ತೊಟ್ಟಿನ ಬುಡ ಕಾಂಡದ ಮೇಲೆ ಇಳಿದು ಸಣ್ಣ ರೆಕ್ಕೆಯಂತೆ ಕಾಣುತ್ತದೆ. ಆಂಪ್ಲೆಕ್ಸಿಕಾಲಿಸ್‌ನಲ್ಲಿ ಎಲೆಯ ಬುಡ ಕಾಂಡವನ್ನು ತಬ್ಬಿರುತ್ತದೆ. ಗ್ಲಾಬೆಲ್ಲಾದಲ್ಲಿ ಕಪ್ಪು ಚುಕ್ಕಿಗಳು. ಮೂರೂ ಅಮೆರಿಕ ಖಂಡಗಳವು. ಕಪ್ಪು ಚುಕ್ಕಿಯನ್ನು ರೋಗ ಅಂದುಕೊಂಡು ಬಿಟ್ಟುಬಿಡುವವರು ಜಾಸ್ತಿ. ರೋಗದ ಚುಕ್ಕಿ ಗಾತ್ರದಲ್ಲಿ ಹೆಚ್ಚುಕಡಿಮೆ, ಸುತ್ತ ಹಳದಿ. ಇದು ಹಾಗಲ್ಲ, ಮೈತುಂಬ ಒಂದೇ ಸಮ.

ಮಾದರಿ ತೆಗೆಯುವವರಿಗೆ ಒಂದು ವಿನಂತಿ. ಬಂಡೆಯಿಂದ ಚಾಪೆ ಕಿತ್ತು ತರಬೇಡಿ. ಒಂದು ಅಂಗೈಯಷ್ಟು ಹಬ್ಬಲು ಅದಕ್ಕೆ ಎಷ್ಟು ಮಳೆಗಾಲ ಹಿಡಿದಿರುತ್ತದೋ. ಅನುಮತಿ ಇದ್ದರೆ ಒಂದು ಕೊಂಬೆ ಸಾಕು, ಇಲ್ಲದಿದ್ದರೆ ಫೋಟೊ ಸಾಕು. ಒತ್ತುವ ಮೊದಲು ಗಿಣ್ಣಿಗೆ ಎಷ್ಟು ಎಲೆ ಅಂತ ಚೀಟಿಯಲ್ಲಿ ಬರೆದಿಡಿ. ಒತ್ತುವಾಗ ಕೆಲವು ಸಲ ಎಲೆಗಳು ಗಿಣ್ಣಿನಿಂದ ಕಳಚಿ ಬೀಳುತ್ತವೆ, ಹಾಗಾದರೆ ಆಮೇಲೆ ಯಾವುದು ಎಲ್ಲಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕುದಿಯುವ ನೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆದು ಒತ್ತಿದರೆ ಬೇಗ ಒಣಗುತ್ತದೆ.

ಹಾವಸೆಗೆಳತಿ:

ಫೋಟೊ ಮಾತ್ರ ತೆಗೆದಿದ್ದೇನೆ, ಗಿಡ ಕಿತ್ತಿಲ್ಲ. ಹಾಗಾದರೆ ಟೆಟ್ರಾಫಿಲ್ಲಾ ಅಂತ ಬರೆದುಕೊಳ್ಳಲಾ?

ಗಿಣ್ಣುನೋಟ:

ಪೆನ್ಸಿಲ್‌ನಲ್ಲಿ ಬರೆಯಿರಿ. ತೆನೆ ಬಂದ ಮೇಲೆ ಪೆನ್ನಿನಲ್ಲಿ ಬರೆದರಾಯ್ತು. ಟೆಟ್ರಾಫಿಲ್ಲಾದಲ್ಲಿ ಕೊಂಬೆಯ ತುದಿಗೆ ಒಂಟಿ ತೆನೆ ಬರುತ್ತದೆ, ಎರಡರಿಂದ ನಾಲ್ಕು ಸೆಂಟಿಮೀಟರ್. ಹೂಗಳು ಕೂತಿರುವ ನಡುದಂಟಿನಲ್ಲಿ ಒತ್ತಾಗಿ ರೋಮ ಇರುತ್ತದೆ. ಕ್ವಾಡ್ರಿಫೋಲಿಯಾದಲ್ಲಿ ಆ ದಂಟು ನುಣುಪು. ಹೂವಿಗೆ ದಳ ಇರುವುದಿಲ್ಲ, ಎರಡು ಕೇಸರ, ಒಂದು ಶಲಾಕೆ, ಅಷ್ಟೇ. ಹಾಗಾಗಿ ಹೂ ಹುಡುಕಬೇಡಿ, ಹಸಿರು ಬಾಲ ಹುಡುಕಿ.

ಹಾವಸೆಗೆಳತಿ:

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಮಳೆ ಚೆನ್ನಾಗಿ ಬಂತು. ಬಂಡೆಯ ಮೇಲ್ತುದಿಯಲ್ಲಿ, ಸ್ವಲ್ಪ ಬೆಳಕು ಬೀಳುವ ಕಡೆ, ಏಳು ತೆನೆ ಬಂದಿವೆ. ಎಲ್ಲ ಒಂಟಿ, ಎಲ್ಲ ಕೊಂಬೆಯ ತುದಿಯಲ್ಲಿ. ಅಳೆದ ಒಂದು 3 ಸೆಂಟಿಮೀಟರ್ ಇತ್ತು. ಬೆಳಕಿಗೆ ಅಡ್ಡವಾಗಿ ಲೆನ್ಸ್ ಹಿಡಿದೆ. ಹೂಗಳ ನಡುವೆ ಬಿಳಿ ರೋಮ, ಒತ್ತೊತ್ತಾಗಿ.

ಎಲೆಮರೆ:

ಪೆನ್ನು ತೆಗೆಯಿರಿ. ಪೆಪರೋಮಿಯಾ ಟೆಟ್ರಾಫಿಲ್ಲಾ.

ತೇವನೆಲ:

ತುಂಬ ಖುಷಿಯಾಯ್ತು. ನನ್ನ ‘ಬ್ಲಾಂಡಾ’ವನ್ನೂ ಲೆನ್ಸ್ ಹಿಡಿದು ಮತ್ತೆ ನೋಡಬೇಕು. ಅದರ ರೋಮ ನಾನು ನೋಡೇ ಇರಲಿಲ್ಲ.

ಹಾವಸೆಗೆಳತಿ:

ಪೆನ್ನಿನಲ್ಲಿ ಬರೆದೆ. ಎಲ್ಲರಿಗೂ ಮನಸಾರೆ ಧನ್ಯವಾದ. ಅದೇ ಬಂಡೆಯ ಹಿಂಬದಿಯಲ್ಲಿ ಇನ್ನೊಂದು ಇದೆ. ಕೆಂಪು ಕಾಂಡ, ನೆಟ್ಟಗೆ ನಿಂತಿದೆ, ಗಿಣ್ಣಿಗೆ ಎರಡೆರಡು ಎಲೆ. ಇನ್ನೂ ಹತ್ತು ಗಿಣ್ಣು ಎಣಿಸಿಲ್ಲ. ನಾಳೆ ಎಣಿಸಿ ಬಂದು ಹೊಸ ಎಳೆ ಹಾಕುತ್ತೇನೆ.